ನಾಲ್ಕೂ ನಾಲ್ಕೂ ಏಳು

ಮಕ್ಕಳ ಕುರ್ಚಿಯಲ್ಲಿ ಕೂತು ಜಗಳ ಆಡುವುದು ಯಾರಿಂದಲೂ ಆಗದು. ಮೊಣಕಾಲು ಗದ್ದಕ್ಕೆ ಬಂದಿರುತ್ತದೆ, ಎದುರಿಗಿರುವವರು ಮರದ ಮೇಲೆ ಕೂತ ಹಾಗೆ ಕಾಣುತ್ತಾರೆ. ಮೊಮ್ಮಗಳ ಶಾಲೆಯಲ್ಲಿ ನಾನೂ ನನ್ನ ಮಗಳೂ ಅಂಥ ಎರಡು ಕುರ್ಚಿಗಳಲ್ಲಿ ಕೂತಿದ್ದೆವು. ಒಂದು ಹಸಿರು, ಒಂದು ಹಳದಿ. ಎದುರಿಗೆ ದೊಡ್ಡವರ ಕುರ್ಚಿಯಲ್ಲಿ ಟೀಚರ್. ದಿನವಿಡೀ ಕೂಗಿ ಗಂಟಲು ಕಟ್ಟಿತ್ತು ಅಂತ ಕಾಣುತ್ತದೆ, ಫ್ಲಾಸ್ಕಿನಿಂದ ಬಿಸಿನೀರು ಗುಟುಕರಿಸುತ್ತಾ ಮಾತಾಡುತ್ತಿದ್ದರು.

"ಅಕ್ಷರ ಬರುತ್ತೆ. ಚಿತ್ರ ಚೆನ್ನಾಗಿ ಬರೀತಾಳೆ. ಯಾರಿಗೂ ಹೊಡಿಯಲ್ಲ, ಕಚ್ಚಲ್ಲ. ಲೆಕ್ಕ ಮಾತ್ರ..." ಎಂದು ನಿಲ್ಲಿಸಿದರು.

"ಲೆಕ್ಕಕ್ಕೇನಾಯ್ತು ಮೇಡಂ? ಅವಳಿಗೆ ಚೆನ್ನಾಗಿ ಬರೋದೇ ಅದು!" ಅಂದಳು ಮಗಳು.

ಟೀಚರ್ ಕಿಟಕಿಯ ಹತ್ತಿರ ಮರದ ತುಂಡುಗಳನ್ನು ಜೋಡಿಸುತ್ತಿದ್ದ ನನ್ನ ಮೊಮ್ಮಗಳನ್ನು ಕರೆದರು. ಹುಟ್ಟಿದಾಗ ಅಂಗೈಯಷ್ಟಿದ್ದಳು, ಅವಳಮ್ಮ ನೋಡಿ "ಟೈಲ್ಸ್ ತುಣುಕಿನ ಹಾಗಿದ್ದಾಳೆ" ಅಂದಿದ್ದಳು. ಅಂದಿನಿಂದ ನಮ್ಮೆಲ್ಲರ ಬಾಯಲ್ಲೂ ಅವಳು ತುಣುಕಿ.

"ಎರಡೂ ಎರಡೂ ಎಷ್ಟು ಪುಟ್ಟಾ?"

"ಮೂರು ಮಿಸ್."

"ಮೂರೂ ಮೂರೂ?"

"ಐದು."

"ನಾಲ್ಕೂ ನಾಲ್ಕೂ?"

"ಏಳು!"

ತಡವರಿಸಲಿಲ್ಲ, ಬೆರಳು ಮಡಚಲಿಲ್ಲ. ಗಂಟೆ ಹೊಡೆದ ಹಾಗೆ ಹೇಳಿ, ಈಗ ಬೆನ್ನು ತಟ್ಟುತ್ತಾರೆ ಅನ್ನುವ ಮುಖದಲ್ಲಿ ಅಮ್ಮನ ಕಡೆ ತಿರುಗಿದಳು. ನನ್ನ ಮಗಳ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು.

ಟೀಚರ್ ನಾಲ್ಕು ಕೆಂಪು ತುಂಡು, ನಾಲ್ಕು ನೀಲಿ ತುಂಡು ಮುಂದಿಟ್ಟು ಎಣಿಸು ಅಂದರು. ತುಣುಕಿ ಒಂದೊಂದನ್ನೇ ಮುಟ್ಟಿ ಎಣಿಸಿದಳು. ಎಂಟು.

"ನೋಡು, ಎಂಟಲ್ವಾ?"

"ಇದು ಎಂಟು ಮಿಸ್. ಆದ್ರೆ ನಾಲ್ಕೂ ನಾಲ್ಕೂ ಏಳೇ."

ಅವಳನ್ನು ಮತ್ತೆ ಕಿಟಕಿಯ ಬಳಿಗೆ ಕಳಿಸಿ ಟೀಚರ್ ದನಿ ತಗ್ಗಿಸಿದರು. "ನೂರರ ತನಕ ಎಣಿಸ್ತಾಳೆ. ಕೂಡೋದು ಬಂತೋ, ಹೀಗೆ. ಮನೇಲಿ ಯಾರೋ ತಪ್ಪು ಬಾಯಿಪಾಠ ಮಾಡ್ಸಿದ್ದೀರಿ. ಬೇಜಾರು ಮಾಡ್ಕೋಬೇಡಿ, ಗೊತ್ತಿಲ್ದೆ ಕಲಿಸೋದಕ್ಕಿಂತ ಕಲಿಸದೆ ಇರೋದೇ ವಾಸಿ. ಇನ್ನು ಮನೇಲಿ ಅಂಕಿಯ ಸುದ್ದಿಗೇ ಹೋಗ್ಬೇಡಿ. ರಜೆಗೆ ಮೊದಲು ಇನ್ನೊಂದ್ಸಲ ನೋಡ್ತೀನಿ. ಆಗ್ಲೂ ಹೀಗೇ ಆದ್ರೆ ಇನ್ನೊಂದು ವರ್ಷ ನನ್ನ ಹತ್ರಾನೇ ಇರ್ಲಿ."

ಅಂದರೆ ಒಂದನೇ ತರಗತಿ ಇಲ್ಲ. ಆ ಶಾಲೆಯಲ್ಲಿ ಚಿಕ್ಕ ಮಕ್ಕಳ ತರಗತಿ ಕೆಳಗೆ, ಒಂದನೆಯದು ಮೇಲಿನ ಮಹಡಿಯಲ್ಲಿ. ಜೊತೆಯ ಮಕ್ಕಳೆಲ್ಲ ಬ್ಯಾಗು ಹೊತ್ತು ಮೆಟ್ಟಿಲು ಹತ್ತುವಾಗ ನಮ್ಮ ತುಣುಕಿ ಮಾತ್ರ ಅದೇ ಹಸಿರು ಹಳದಿ ಕುರ್ಚಿಗೆ ವಾಪಸು. ಆ ಮೆಟ್ಟಿಲನ್ನು ಅವಳು ದಿನಾ ನೋಡುತ್ತಾಳೆ. ಮೇಲೆ ಹೋದ ಮೇಲೆ ಯಾವ ಕಿಟಕಿಯ ಪಕ್ಕ ಕೂರಬೇಕು ಅಂತ ಗೆಳತಿಯ ಜೊತೆ ಆಗಲೇ ಮಾತಾಡಿಕೊಂಡಿದ್ದಳು.

ಮಗಳು ಎದ್ದಳು. ಕುರ್ಚಿಯೂ ಅವಳ ಜೊತೆಗೆ ಎದ್ದಿತು, ಸಿಕ್ಕಿಹಾಕಿಕೊಂಡಿತ್ತು. ನಾನು ಅದನ್ನು ಎಳೆದು ಬಿಡಿಸಿದೆ. ಬೇರೆ ದಿನವಾಗಿದ್ದರೆ ನಗು ತಡೆಯುತ್ತಿರಲಿಲ್ಲ.

ನನ್ನ ಮಗಳು ಟೈಲ್ಸ್ ಹಾಕುವವಳು. ಕರಣೆ, ರಸಮಟ್ಟ, ರಬ್ಬರ್ ಸುತ್ತಿಗೆ, ಮೊಣಕಾಲಿಗೆ ಕಟ್ಟಿಕೊಳ್ಳುವ ದಿಂಬು, ಇಷ್ಟನ್ನು ಬಕೆಟ್ಟಿನಲ್ಲಿಟ್ಟುಕೊಂಡು ಬೆಳಿಗ್ಗೆ ಹೋದರೆ ಸಂಜೆಗೆ ಉಗುರಿನ ಸಂದಿಯಲ್ಲೆಲ್ಲ ಬಿಳಿ ಸಿಮೆಂಟು ತುಂಬಿಕೊಂಡು ಬರುತ್ತಾಳೆ. ಅಳಿಯ ಒಂದು ಕಚೇರಿಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಾನೆ. ಹೆಂಡತಿಯನ್ನು "ಮೇಸ್ತ್ರಿ" ಅಂತಲೇ ಕರೆಯುತ್ತಾನೆ, ಎದುರಿಗೂ ಹಿಂದೆಯೂ. ಮನೆಯಲ್ಲಿ ಅಡುಗೆಯೂ ಅವನದೇ. ನನ್ನದು ತರಕಾರಿ ಹೆಚ್ಚುವ ಇಲಾಖೆ.

ಆ ಸಂಜೆ ಅವನು ಎಲ್ಲವನ್ನೂ ಕೇಳಿ ಸೌಟು ಕೆಳಗಿಟ್ಟ. "ಅತ್ತೆ, ನೀವು ರಾತ್ರಿ ಶಾಲೆಗೆ ಹೋಗಿ ಓದಿದವರು. ಏನಂತೀರಿ?"

"ಟೀಚರ್ ಹೇಳಿದ ಹಾಗೆ ಸ್ವಲ್ಪ ದಿನ ಅಂಕಿ ಬಿಟ್ಟು ನೋಡೋಣ ಅಳಿಯಂದ್ರೇ," ಅಂದೆ. ದುಡುಕುವವಳಲ್ಲ ನಾನು. ಟೀಚರ್ ಕೆಟ್ಟವರ ಹಾಗೆ ಕಾಣಲಿಲ್ಲ. ಏಳು ಅನ್ನುವುದೂ ತಪ್ಪೇ ತಾನೇ?

ಮಗಳು ಗಂಟುಮುಖ ಹಾಕಿಕೊಂಡೇ ಒಪ್ಪಿದಳು.

ಅಂಕಿ ಇಲ್ಲದೆ ಮನೆ ನಡೆಸುವುದು ಎಷ್ಟು ಕಷ್ಟ ಅಂತ ಮರುದಿನವೇ ತಿಳಿಯಿತು. ಅಳಿಯ ಅಕ್ಕಿ ಅಳೆಯುತ್ತಾ ಅಭ್ಯಾಸಬಲದಿಂದ "ಒಂದು..." ಎಂದವನು ನಾಲಿಗೆ ಕಚ್ಚಿಕೊಂಡು "ಒಂದಿಷ್ಟು... ಮತ್ತೊಂದಿಷ್ಟು..." ಅಂತ ಸುರಿದ. ಅನ್ನ ನೆರೆಹೊರೆಗೂ ಸಾಕಾಗುವಷ್ಟಾಯಿತು. ಬಸ್ಸಿನ ನಂಬರು ಹೇಳುವಂತಿಲ್ಲ. ಗಡಿಯಾರ ನೋಡಿ ಗಂಟೆ ಹೇಳುವಂತಿಲ್ಲ. ಅಂಗಿಯ ಗುಂಡಿ ಹಾಕುವಾಗ ಮೇಲಿನಿಂದ ಎಷ್ಟನೆಯದು ಅನ್ನುವಂತಿಲ್ಲ. ಮೊದಮೊದಲು ಇದೊಂದು ಆಟದ ಹಾಗಿತ್ತು. ಬಾಯಿ ತಪ್ಪಿ ಅಂಕಿ ಹೇಳಿದವರನ್ನು ತುಣುಕಿ ಬೆರಳು ತೋರಿಸಿ ಅಣಕಿಸುತ್ತಿದ್ದಳು. "ಅಪ್ಪ ಸಿಕ್ಕಿಬಿದ್ದ! ಅಪ್ಪ ಸಿಕ್ಕಿಬಿದ್ದ!"

ಆಮೇಲೆ ಅಣಕಿಸುವುದನ್ನು ಬಿಟ್ಟಳು.

ಒಂದು ಸಂಜೆ ಊಟಕ್ಕೆ ತಟ್ಟೆ ಇಡು ಅಂದೆ. ಅದು ಅವಳ ಕೆಲಸ. ನಾಲ್ಕು ಜನ, ನಾಲ್ಕು ತಟ್ಟೆ, ಬಟ್ಟಲು ಅಷ್ಟೇ, ಚಮಚ ಅಷ್ಟೇ. ಒಂದೇ ಸಲಕ್ಕೆ ಎದೆಗವಚಿಕೊಂಡು ಬರುತ್ತಿದ್ದ ಹುಡುಗಿ ಅವತ್ತು ಒಂದು ತಟ್ಟೆ ತಂದು ಇಟ್ಟಳು. "ಇನ್ನೂ ಬೇಕಾ ಅಜ್ಜಿ?" ಬೇಕು ಅಂದೆ. ಹೋಗಿ ಮತ್ತೊಂದು ತಂದಳು. "ಇನ್ನೂ ಬೇಕಾ?"

"ಯಾಕೆ ಮರಿ, ನಿನಗೆ ಗೊತ್ತಿಲ್ವಾ ಎಷ್ಟು ಅಂತ?"

ಬಾಗಿಲ ಕಡೆ ನೋಡಿ, ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು. "ಗೊತ್ತು. ಆದ್ರೆ ನಾನು ಎಣಿಸಿದ್ರೆ ತಪ್ಪಾಗುತ್ತೆ."

ನನಗೆ ಸಿಟ್ಟು ಬರುವುದು ಅಪರೂಪ. ಬಂದರೆ ಹೋಗುವುದೂ ನಿಧಾನ. ನಾನು ರಾತ್ರಿ ಶಾಲೆಗೆ ಸೇರಿದಾಗ ಈ ಮಗಳು ಆಗಲೇ ನನ್ನ ಭುಜದೆತ್ತರ ಬೆಳೆದಿದ್ದಳು. ಅಲ್ಲಿನ ಮೇಷ್ಟ್ರು, ದೊಡ್ಡವರು ಬೆರಳು ಮಡಚಿ ಎಣಿಸಬಾರದು, ಕೈ ಮೇಜಿನ ಮೇಲಿರಲಿ ಅನ್ನುತ್ತಿದ್ದರು. ನಾವು ಹೆಂಗಸರೆಲ್ಲ ಚಪ್ಪಲಿಯೊಳಗೆ ಕಾಲ್ಬೆರಳು ಒತ್ತಿ ಒತ್ತಿ ಎಣಿಸುತ್ತಿದ್ದೆವು. ಕೂಡುವುದನ್ನು ಕಲಿಯುವ ಮೊದಲು ಬಚ್ಚಿಡುವುದನ್ನು ಕಲಿತವರು ನಾವು. ಇವತ್ತಿಗೂ ಅಂಗಡಿಯಲ್ಲಿ ನಿಂತರೆ ನನ್ನ ಕಾಲ್ಬೆರಳು ತಾವಾಗಿಯೇ ಒತ್ತಿಕೊಳ್ಳುತ್ತವೆ. ನನ್ನದು ಹೋಗಲಿ, ಮುದಿ ಕಾಲು. ಇನ್ನೂ ಹಾಲುಹಲ್ಲು ಬೀಳದ ಮಗು ಯಾಕೆ ಪಿಸುಗುಟ್ಟಬೇಕು?

ಹೆಚ್ಚುತ್ತಿದ್ದ ಚಾಕು ಕೆಳಗಿಟ್ಟು ಮಗಳನ್ನು ಕರೆದೆ. "ಏ ಹುಡುಗಿ, ಸಾಕು ಕಣೇ ಈ ಮೌನವ್ರತ. ನಿನ್ನ ಟೈಲ್ಸ್ ಚೂರುಪಾರೆಲ್ಲ ಹೊರಗೆ ತೆಗಿ."

"ಟೀಚರ್?"

"ಟೀಚರ್ ಶಾಲೇಲಿ ಟೀಚರ್. ಇದು ನಮ್ಮ ಮನೆ. ತಪ್ಪಿದ್ರೆ ತಿದ್ದೋಣ. ಬಾಯಿಗೆ ಬೀಗ ಹಾಕಿದ್ರೆ ತಪ್ಪು ಹೊಟ್ಟೇಲಿ ಹಾಗೇ ಇರುತ್ತೆ."

ಮಗಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಅವಳ ಕಣ್ಣಲ್ಲಿ ಹಳೆಯ ಹಟ ಹೊಳೆಯಿತು. ಹೆಂಗಸು ಟೈಲ್ಸ್ ಹಾಕುವುದುಂಟೇ ಅಂತ ನಕ್ಕವರ ಮುಂದೆ ಕರಣೆ ಹಿಡಿದು ಕೂತವಳು ಅವಳು. "ತುಣುಕೀ! ಮೂಟೆ ತಗೊಂಡ್ ಬಾರೇ!"

ಮೂಟೆ ಅಂದರೆ ಕೆಲಸದಲ್ಲಿ ಉಳಿದ ಪುಟ್ಟ ಪುಟ್ಟ ಟೈಲ್ಸುಗಳ ಚೀಲ. ಸ್ನಾನದ ಮನೆಯ ನೆಲಕ್ಕೆ ಹಾಕುವಂಥವು, ಬಿಸ್ಕತ್ತಿನಷ್ಟು ಅಗಲ, ಬಿಳಿ, ಕಂದು, ಕಡುನೀಲಿ. ಮಾತು ಬರುವ ಮೊದಲಿನಿಂದಲೂ ತುಣುಕಿಯ ಆಟದ ಸಾಮಾನು ಅದೇ. ಅಮ್ಮ ಮಗಳು ಸಂಜೆ ಅಡುಗೆಮನೆಯ ಮೂಲೆಯಲ್ಲಿ ಕೂತು ಗೋಡೆಗುಂಟ ಅಂಚು ಜೋಡಿಸುತ್ತಿದ್ದರು. ಅಮ್ಮ ಮೇಸ್ತ್ರಿ, ಮಗಳು ಸಹಾಯಕಿ. ನಾನು ಎಷ್ಟೋ ಸಲ ನೋಡಿದ್ದೆ, ಗಮನವಿಟ್ಟು ನೋಡಿರಲಿಲ್ಲ. ಆ ದಿನ ಆಲೂಗಡ್ಡೆ ಸುಲಿಯುತ್ತಾ ನೋಡಿದೆ.

"ಮೇಸ್ತ್ರಿ ರೆಡಿ. ಸಹಾಯಕಿ ರೆಡಿನಾ?"

"ರೆಡಿ ಮೇಸ್ತ್ರಿ!"

"ಈ ಗೋಡೆ ಉದ್ದಕ್ಕೆ ನಾಲ್ಕು. ಆ ಗೋಡೆ ಉದ್ದಕ್ಕೆ ನಾಲ್ಕು. ಒಟ್ಟು ಎಷ್ಟು ತರ್ತೀಯಾ?"

"ಏಳು!"

"ಭೇಷ್! ಓಡು!"

ತುಣುಕಿ ಏಳು ನೀಲಿ ಟೈಲ್ಸು ತಂದು ಸುರಿದಳು. ಅಮ್ಮ ಮೂಲೆಗೆ ಒಂದನ್ನು ಇಟ್ಟಳು. ಅದರಿಂದ ಎಡಗೋಡೆಗುಂಟ ಮೂರು, ಬಲಗೋಡೆಗುಂಟ ಮೂರು. ಈ ಗೋಡೆಯನ್ನು ನೋಡಿದರೆ ನಾಲ್ಕು, ಆ ಗೋಡೆಯನ್ನು ನೋಡಿದರೂ ನಾಲ್ಕು. ಒಂದೂ ಉಳಿಯಲಿಲ್ಲ, ಒಂದೂ ಸಾಲದೆ ಬರಲಿಲ್ಲ.

ನನ್ನ ಕೈಯಲ್ಲಿದ್ದ ಆಲೂಗಡ್ಡೆ ನೀರಿಗೆ ಬಿತ್ತು.

"ಏನಮ್ಮಾ?"

"ಆ ಮೂಲೇದು ಯಾವ ಗೋಡೇದು ಕಣೇ?"

"ಎರಡರದ್ದೂ. ಮೂಲೆ ಟೈಲ್ಸು ಅಂದ್ರೆ ಎರಡೂ ಕಡೆ ಲೆಕ್ಕಕ್ಕೆ ಬರುತ್ತೆ. ಅದಕ್ಕೇ ಅಲ್ವಾ ಯಾವಾಗ್ಲೂ ಒಂದು ಕಮ್ಮಿ..." ಎನ್ನುತ್ತಾ ಹೋದವಳು ಅರ್ಧದಲ್ಲೇ ನಿಂತಳು. ಕೈ ಹಣೆಗೆ ಹೋಯಿತು, ಹಣೆಗೆಲ್ಲ ಧೂಳು. "ಅಯ್ಯೋ! ಅಯ್ಯೋ ನನ್ನ ತಲೆ ಕಾಯ! ನಾನೇ ಅಲ್ವಾ ಹೇಳಿಕೊಟ್ಟಿದ್ದು!"

ಅಳಿಯ ಸೌಟು ಹಿಡಿದೇ ಓಡಿ ಬಂದ. ವಿಷಯ ತಿಳಿದ ಮೇಲೆ ಗೋಡೆಗೆ ಆತು ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕ. "ಮೇಸ್ತ್ರಿ, ನಿನ್ನ ಮಗಳು ಊರಿಗೆಲ್ಲ ಮೂಲೆ ಇಟ್ಕೊಂಡು ಓಡಾಡ್ತಿದ್ದಾಳೆ!"

"ನಗಬೇಡ್ರೀ. ಏಳು ತಪ್ಪಲ್ಲ. ಏಳೇ ಸರಿ."

"ನನ್ನ ಅಡುಗೆಮನೇಲಿ ಎಂಟೇ ಸರಿ. ಈ ಪಾತ್ರೇಲಿ ನಾಲ್ಕು ಆಲೂಗಡ್ಡೆ, ಆ ಪಾತ್ರೇಲಿ ನಾಲ್ಕು. ಎರಡೂ ಪಾತ್ರೇಲಿ ಒಟ್ಟಿಗೇ ಇರೋ ಆಲೂಗಡ್ಡೆ ಯಾವ ತೋಟದಲ್ಲಿ ಬೆಳೆಯುತ್ತೆ, ತೋರಿಸು."

"ಆಲೂಗಡ್ಡೆ ಸುದ್ದಿ ಯಾರಿಗೆ ಬೇಕಿತ್ತು?"

"ನಿನ್ನ ಟೀಚರಮ್ಮನಿಗೆ ಬೇಕಿರೋದು ಆಲೂಗಡ್ಡೆ ಸುದ್ದಿನೇ!"

ಇಬ್ಬರೂ ಏರಿದ ದನಿಯಲ್ಲಿ ವಾದಕ್ಕಿಳಿದಿದ್ದರು. ನಡುವೆ ಕೂತ ತುಣುಕಿ ಒಮ್ಮೆ ಟೈಲ್ಸು, ಒಮ್ಮೆ ಆಲೂಗಡ್ಡೆ ನೋಡುತ್ತಿದ್ದಳು. ಅವಳಿಗೆ ಇದನ್ನು ಹೇಗೆ ಬಿಡಿಸಿ ಹೇಳುವುದು ಅಂತ ನನಗೂ ತೋಚಲಿಲ್ಲ. ಏಳು ತಪ್ಪು ಅಂದರೆ ಅವಳ ಅಮ್ಮನ ಕೆಲಸವೇ ತಪ್ಪಾದಂತೆ. ಸರಿ ಅಂದರೆ ಶಾಲೆಯ ಮೆಟ್ಟಿಲು ಹತ್ತುವ ಹಾಗಿಲ್ಲ.

ಅಂದಿನಿಂದ ಆಟ ಬದಲಾಯಿತು. ಅಮ್ಮ ಟೈಲ್ಸನ್ನು ಕೆಲವು ಸಲ ಮೂಲೆಗೆ ಜೋಡಿಸುತ್ತಾಳೆ, ಕೆಲವು ಸಲ ಎರಡು ಬೇರೆ ಬೇರೆ ಗೋಡೆಗೆ. ಅಪ್ಪ ಎರಡು ಪಾತ್ರೆ ತಂದಿಡುತ್ತಾನೆ. ಎಷ್ಟು ಬೇಕು ಅಂತ ಕೇಳಿದ ಮೇಲೆ ತಂದು ಇಟ್ಟು ನೋಡಬೇಕು. ಉಳಿದರೂ ಬೈಯುವಂತಿಲ್ಲ, ಸಾಲದಿದ್ದರೂ ಬೈಯುವಂತಿಲ್ಲ. ತುಣುಕಿ ಗೊಂದಲಕ್ಕೆ ಬಿದ್ದಳು. ಮೂಲೆಗೆ ಎಂಟು ತಂದು ಒಂದು ಉಳಿಸಿಕೊಂಡಳು. ಪಾತ್ರೆಗೆ ಏಳು ಆಲೂಗಡ್ಡೆ ತಂದು ಅಪ್ಪನಿಂದ "ಒಂದು ಎಲ್ಲಿ, ತಿಂದ್ಯಾ?" ಅಂತ ಕೀಟಲೆ ಮಾಡಿಸಿಕೊಂಡಳು. ಒಂದು ಸಲ ಚೀಲವನ್ನೇ ಒದ್ದಳು. ಟೈಲ್ಸೆಲ್ಲ ಚೆಲ್ಲಾಪಿಲ್ಲಿ. ಆದರೆ ಪಿಸುಗುಟ್ಟಲಿಲ್ಲ. ತಪ್ಪಾದರೆ ಮನೆ ಹಾರಿಹೋಗುವಂತೆ ಕಿರುಚಿದಳು. ಅದು ನನಗೆ ಸಮಾಧಾನ.

ಒಂದು ಮಧ್ಯಾಹ್ನ, ಎಲ್ಲರಿಗೂ ರಜೆ, ಗಂಡ ಹೆಂಡತಿ ಚಾಪೆಯ ಮೇಲೆ ಉರುಳಿಕೊಂಡಿದ್ದರು, ನಡುವೆ ತುಣುಕಿ. ಅವಳು ಒಂದು ಕೈ ಅಮ್ಮನ ಮೇಲೆ, ಒಂದು ಕೈ ಅಪ್ಪನ ಮೇಲೆ ಹಾಕಿದ್ದಳು. ಇದ್ದಕ್ಕಿದ್ದಂತೆ ಎದ್ದು ಕೂತಳು.

"ಅಜ್ಜೀ! ಅಮ್ಮನೂ ನಾನೂ ಎರಡು. ಅಪ್ಪನೂ ನಾನೂ ಎರಡು. ಒಟ್ಟು ಮೂರು!"

"ಹೌದಲ್ಲಾ! ಯಾಕೆ ನಾಲ್ಕಾಗಲಿಲ್ಲ?" ಅಂದೆ, ಏನೂ ತಿಳಿಯದವಳ ಹಾಗೆ.

"ನಾನೇ ಮೂಲೆ!"

ಅಪ್ಪ ಕಣ್ಣು ಬಿಟ್ಟ. ಅಮ್ಮ ಕಣ್ಣು ಬಿಡಲಿಲ್ಲ, ರೆಪ್ಪೆಯ ಕೆಳಗಿನಿಂದ ನೀರು ಕಿವಿಯ ಕಡೆ ಇಳಿಯಿತು. ತುಣುಕಿ ಅದನ್ನು ಗಮನಿಸಲಿಲ್ಲ, ಅವಳಿಗೆ ಬೇರೆ ಕೆಲಸವಿತ್ತು. "ಅಜ್ಜಿ, ನೀನೂ ಅತ್ತೆಮ್ಮನೂ ಎರಡು..." ಪಕ್ಕದ ಮನೆಯ ಅತ್ತೆಮ್ಮನನ್ನೂ ಅವರ ಬೆಕ್ಕನ್ನೂ ಸೇರಿಸಿಕೊಂಡು, ಯಾರು ಮೂಲೆ, ಯಾರು ಮೂಲೆಯಲ್ಲ ಅಂತ ಸಂಜೆಯ ತನಕ ಪಟ್ಟು ಹಿಡಿದು ಜೋಡಿಸಿದಳು.

ಶಾಲೆಯಿಂದ ಕರೆ ಬಂತು. ಮತ್ತೆ ಅದೇ ಕೋಣೆ. ಈ ಸಲ ಮಗಳು ಚಿಕ್ಕ ಕುರ್ಚಿಯಲ್ಲಿ ಕೂರಲಿಲ್ಲ. "ನಿಂತಿರ್ತೀನಿ ಮೇಡಂ" ಅಂದಳು. ಕೆಲಸದಿಂದ ನೇರ ಬಂದಿದ್ದಳು, ಬಕೆಟ್ಟು ಬಾಗಿಲ ಬಳಿ ಇತ್ತು. ನಾನು ಹಳದಿ ಕುರ್ಚಿಯಲ್ಲಿ ಕೂತೆ, ನನ್ನ ಕಾಲಿಗೆ ನಿಲ್ಲುವ ಹಟವಿಲ್ಲ.

"ಯಾರೂ ಬಾಯಿ ಹಾಕಬಾರದು," ಎಂದು ನಮಗೆ ಹೇಳಿ ಟೀಚರ್ ತುಣುಕಿಯನ್ನು ಎದುರಿಗೆ ನಿಲ್ಲಿಸಿಕೊಂಡರು. "ನಾಲ್ಕೂ ನಾಲ್ಕೂ ಎಷ್ಟು ಪುಟ್ಟಾ?"

ತುಣುಕಿ ಬೆನ್ನ ಹಿಂದೆ ಕೈ ಕಟ್ಟಿಕೊಂಡಳು. "ಮೂಲೆ ಇದ್ಯಾ ಮಿಸ್, ಇಲ್ವಾ?"

"ಏನು?"

"ಮೂಲೆ. ಒಂದು ಎರಡೂ ಕಡೆ ಇದ್ಯಾ ಅಂತ. ಇದ್ರೆ ಏಳು. ಇಲ್ದಿದ್ರೆ ಎಂಟು."

ಟೀಚರ್ ಮಗಳ ಕಡೆ ನೋಡಿದರು. ಮಗಳು ತುಟಿ ಬಿಗಿದು ನಿಂತಿದ್ದಳು, ಬಾಯಿ ಹಾಕಬಾರದು ಅಂದಿದ್ದರಲ್ಲ. ಕೊನೆಗೆ ಟೀಚರೇ ಮರದ ತುಂಡುಗಳ ಡಬ್ಬಿಯನ್ನು ಮುಂದೆ ತಳ್ಳಿ, "ತೋರಿಸು" ಅಂದರು.

ತುಣುಕಿ ಡಬ್ಬಿಯ ಎರಡು ಅಂಚಿಗೆ ತುಂಡುಗಳನ್ನು ಒತ್ತಿ ಜೋಡಿಸಿದಳು. ಇತ್ತ ನಾಲ್ಕು, ಅತ್ತ ನಾಲ್ಕು, ಮೂಲೆಯದು ಎರಡಕ್ಕೂ ಸೇರಿ ಒಂದೇ. ಆಮೇಲೆ ಅವನ್ನೆಲ್ಲ ಬಳಿದು, ಎರಡು ಬೇರೆ ಸಾಲು ಮಾಡಿದಳು. ಒಂದು ತುಂಡು ಹೆಚ್ಚಿಗೆ ತೆಗೆಯಬೇಕಾಯಿತು. ಅದನ್ನು ಎತ್ತಿ ಹಿಡಿದು ತೋರಿಸಿದಳು.

ಟೀಚರ್ ಬಿಸಿನೀರು ಕುಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

"ಅರ್ಥ ಆಯ್ತು. ಚೆನ್ನಾಗಿದೆ ಕೂಡ. ಸರಿ, ಒಂದನೇ ತರಗತಿಗೆ ಕಳಿಸ್ತೀನಿ," ಅಂದರು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಆದರೆ ಅವರು ಮುಗಿಸಿರಲಿಲ್ಲ. "ಮೇಲೆ ಒಂದೇ ಕೋಣೇಲಿ ನಲವತ್ತು ಮಕ್ಕಳು. ಒಬ್ಬೊಬ್ಬರು ಮನೆಯಿಂದ ಒಂದೊಂದು ತರ್ತಾರೆ. ಒಬ್ಬಳು ಮೂಲೆ, ಇನ್ನೊಬ್ಬ ಮತ್ತೇನೋ. ಅವನ್ನೆಲ್ಲ ಬಿಡಿಸೋಕೆ ಕೂತರೆ ಪಾಠ ಯಾವಾಗ ಮಾಡೋದು? ಮನೇಲಿ ಲೆಕ್ಕ ಬೇಡ ಅಂತ ನಾನು ಹೇಳಿದ ಮಾತು ಹಾಗೇ ಇದೆ."

"ಹಾಗೇ ಇರ್ಲಿ ಮೇಡಂ," ಅಂದಳು ಮಗಳು. "ನಮ್ಮ ಲೆಕ್ಕಾನೂ ಹಾಗೇ ಇರುತ್ತೆ."

"ಮತ್ತೆ ತಪ್ಪು ಕಲಿಸಿದ್ರೆ?"

"ಕಲಿಸ್ತೀನಿ. ಈ ಸಲ ಕಲಿಸಿದೆನಲ್ಲ! ನೀವು ಕರೆದು ಹೇಳಿ, ಬಂದು ಇದೇ ಕುರ್ಚೀಲಿ ಕೂತು ಕೇಳ್ತೀನಿ. ಮನೆಗೆ ಹೋಗಿ ತಿದ್ದುತೀನಿ. ಬಾಯಿ ಮುಚ್ಚು ಅಂತ ಮಾತ್ರ ಅನ್ನಬೇಡಿ. ನಾನು ಮುಚ್ಚಿದ್ರೆ ಅವಳೂ ಮುಚ್ತಾಳೆ. ಒಂದ್ಸಲ ಮುಚ್ಚಿದ್ಲು, ನೋಡಿದ್ದೀನಿ."

ಟೀಚರ್ ನನ್ನ ಕಡೆ ತಿರುಗಿದರು. "ಅಜ್ಜಿ, ನೀವಾದ್ರೂ ಹೇಳಿ. ದೊಡ್ಡವರು."

"ಹೇಳ್ತೀನಿ ತಾಯಿ," ಅಂದೆ. "ಇವಳಿಗೆ ಟೈಲ್ಸು ಮತ್ತೆ ಹೊರಗೆ ತೆಗಿ ಅಂತ ಹೇಳಿದವಳೇ ನಾನು."

ಅವರು ನಿಟ್ಟುಸಿರು ಬಿಟ್ಟು ತುಣುಕಿಯ ಕೆನ್ನೆ ಮುಟ್ಟಿದರು. "ಪುಟ್ಟಾ, ಮೇಲೆ ಹೋದ್ಮೇಲೆ ನಾಲ್ಕೂ ನಾಲ್ಕೂ ಅಂದ್ರೆ ಸುಮ್ನೆ ಎಂಟು ಅನ್ಬೇಕು. ಆಯ್ತಾ?"

ತುಣುಕಿ ಯೋಚಿಸಿದಳು. "ಇಲ್ಲ ಮಿಸ್. ಮೊದಲು ಕೇಳ್ತೀನಿ. ಆಮೇಲೆ ಎಂಟು ಅಂತೀನಿ."

ಟೀಚರಿಗೆ ನಗು ಬಂತೋ ಕೆಮ್ಮು ಬಂತೋ, ಫ್ಲಾಸ್ಕಿನ ಮುಚ್ಚಳ ಬಾಯಿಗೆ ಅಡ್ಡ ಹಿಡಿದರು.

ಹೊರಗೆ ಬಂದಾಗ ಮೊಗಸಾಲೆಯಲ್ಲಿ ಯಾರೂ ಇರಲಿಲ್ಲ. ಎದುರಿಗೆ ಆ ಮೆಟ್ಟಿಲು. ತುಣುಕಿ ನನ್ನ ಕೈ ಬಿಡಿಸಿಕೊಂಡು ಓಡಿದಳು. "ಮುಂದಿನ ವರ್ಷ ಕಣೇ, ಈಗಲ್ಲ!" ಅಂತ ಅವಳಮ್ಮ ಕೂಗಿದಳು. ಯಾರು ಕೇಳುತ್ತಾರೆ? ಒಂದು, ಎರಡು, ಮೂರು ಅಂತ ಕಟ್ಟಡವೇ ಕೇಳುವ ಹಾಗೆ ಎಣಿಸುತ್ತಾ ಹತ್ತಿದಳು. ಮೆಟ್ಟಿಲು ತಿರುಗುವ ಕಡೆ ಅಗಲವಾದ ಒಂದು ಹಾಸು, ಅಲ್ಲಿಂದ ಮತ್ತೆ ಮೇಲಕ್ಕೆ. ಹಾಸಿನ ಮೇಲೆ ನಿಂತವಳು ಕಂಬಿಯ ಸಂದಿಯಿಂದ ಮುಖ ತೂರಿಸಿದಳು.

"ಅಜ್ಜೀ, ಇದು ಕೆಳಗಿನದಾ, ಮೇಲಿನದಾ?"

"ನೀನೇ ಹೇಳು!"

"ಎರಡರದ್ದೂ!" ಅಂದವಳು ಹಾಸಿನ ಮೇಲೆ ಎರಡು ಸಲ ಕುಪ್ಪಳಿಸಿ ಮತ್ತೆ ಮೇಲಕ್ಕೆ ಓಡಿದಳು.

ತರಗತಿಯ ಬಾಗಿಲು ಇನ್ನೂ ತೆರೆದೇ ಇತ್ತು. ಒಳಗೆ ಟೀಚರಿಗೆ ಎಲ್ಲ ಕೇಳುತ್ತಿರಬೇಕು. ಮಗಳು ಬಕೆಟ್ಟು ಎತ್ತಿಕೊಂಡಳು. ನಾನು ಕೆಳಗೇ ನಿಂತು, ಮೊಮ್ಮಗಳ ದನಿಯ ಜೊತೆ ಜೊತೆಗೆ, ಯಾರಿಗಾದರೂ ಕಾಣಲಿ ಅಂತಲೇ ಎರಡೂ ಕೈ ಎದುರಿಗೆ ಹಿಡಿದು, ಒಂದೊಂದೇ ಬೆರಳು ಮಡಚುತ್ತಾ ಹೋದೆ.